ಲಗ್ನಪತ್ರಿಕೆಯ ಬೆನ್ನು, ಅಣೆಕಟ್ಟೆಯ ಅಂಕಿ

ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಕುರ್ಚಿಯ ಹಿಂದೆ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಅದರ ಮೇಲೆ ಹಾಜರಿ ಪುಸ್ತಕ, ಸೀಮೆಸುಣ್ಣದ ಡಬ್ಬಿ, ಗಂಟೆ ಹೊಡೆಯುವ ಕಬ್ಬಿಣದ ತುಂಡು ಇಟ್ಟಿರುತ್ತಿದ್ದರು. ಒಳಗಿದ್ದದ್ದು ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲಿ ಬಂದ ಸಾಮಾನು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ, 1987ರಲ್ಲಿ, ದೇಶದ ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಒಂದಷ್ಟು ಪಾಠೋಪಕರಣ ಕೊಡಬೇಕೆಂದು ಶುರುವಾದ ಯೋಜನೆ ಅದು. ಗ್ಲೋಬು, ನಕ್ಷೆ, ಆಯಸ್ಕಾಂತ, ಭೂತಕನ್ನಡಿ, ಪುಟ್ಟ ತಕ್ಕಡಿ ಎಲ್ಲ ಇತ್ತು. ಒಂದು ದಿನ ನಾನೇ ಬಾಯಿಬಿಟ್ಟು ಕೇಳಿದೆ. ಮೇಷ್ಟ್ರು ಬೀಗ ತೆಗೆದು, ಒಂದೊಂದನ್ನೇ ಎತ್ತಿ ತೋರಿಸಿ, ಮತ್ತೆ ಒಳಗಿಟ್ಟರು. “ಇದೆಲ್ಲ ದಾಸ್ತಾನು ವಹೀಲಿ ಹತ್ತಿದೆ ಕಣಮ್ಮ. ಒಂದು ಒಡೆದ್ರೂ ನಾಳೆ ಚಾರ್ಜ್ ಕೊಡೋವಾಗ ನನ್ನ ಸಂಬಳದಲ್ಲಿ ಹಿಡೀತಾರೆ” ಅಂದರು.

ಅವರನ್ನು ನಾನು ದೂರುವುದಿಲ್ಲ. ನಿವೃತ್ತಿಗೆ ಹತ್ತಿರವಿದ್ದವರು, ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದವರು. ಸರ್ಕಾರಿ ಶಾಲೆಗೆ ಬಂದ ವಸ್ತುವಿಗೆ ಮೊದಲು ನಂಬರ್ ಬೀಳುತ್ತದೆ, ಆಮೇಲೆ ಬೀಗ ಬೀಳುತ್ತದೆ. ಪಾಠೋಪಕರಣ ಎಂದರೆ ಮಕ್ಕಳ ಕೈಯಲ್ಲಿ ಸವೆದು, ಹರಿದು, ಮುಗಿದುಹೋಗಬೇಕಾದ ವಸ್ತು. ದಾಸ್ತಾನು ವಹಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ, ಅಷ್ಟೇ.

ನನ್ನದು ಎಚ್. ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿಯಾಗಿದ್ದಾಗಿನ ನೇಮಕ. ಅಂಕ ನೋಡಿ ಪಟ್ಟಿ ಮಾಡಿ, ಯಾರ ಮನೆ ಬಾಗಿಲಿಗೂ ಅಲೆಸದೆ ಆದೇಶ ಕೊಟ್ಟ ಕಾಲ. ನಂಜನಗೂಡು ತಾಲ್ಲೂಕಿನ ಕವಲಂದೆ ಕಡೆಯ ಹಳ್ಳಿಗಳಿಗೆ ನಮ್ಮಂಥ ಟಿಸಿಎಚ್ ತರಬೇತಿ ಮುಗಿಸಿದ ಹುಡುಗಿಯರು ಒಬ್ಬೊಬ್ಬರಾಗಿ ಬಂದಿಳಿದದ್ದು ಹಾಗೆ. ನನಗೆ ಸಿಕ್ಕಿದ್ದು ಕಿರಿಯ ಪ್ರಾಥಮಿಕ ಶಾಲೆ: ನಾಲ್ಕು ತರಗತಿ, ಇಬ್ಬರು ಶಿಕ್ಷಕರು. ಮುಖ್ಯೋಪಾಧ್ಯಾಯರು ಮೀಟಿಂಗಿಗೆಂದು ಹೋದ ದಿನ ನಾಲ್ಕೂ ತರಗತಿಗೆ ನಾನೊಬ್ಬಳೇ. ಒಂದನೇ ತರಗತಿಯವರಿಗೆ ಅಕ್ಷರ ತಿದ್ದಿಸುವಷ್ಟರಲ್ಲಿ ಮೂರನೇ ತರಗತಿಯವರು ಕಿಟಕಿಯ ಮೇಲೆ ಹತ್ತಿರುತ್ತಿದ್ದರು. ಒಂದು ತಂಡಕ್ಕೆ ಪಾಠ ಹೇಳುವಾಗ ಉಳಿದವರ ಕೈಯಲ್ಲಿ ಮಾಡಲು ಏನಾದರೂ ಇರಲೇಬೇಕು ಎಂಬುದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿ ಬರಲಿಲ್ಲ.

ಏನು ಕೊಡಬೇಕು ಎಂಬುದನ್ನು ಕಲಿತದ್ದು ರೈಲಿನಲ್ಲಿ. ಮೈಸೂರು–ಚಾಮರಾಜನಗರ ಮಾರ್ಗ ಇನ್ನೂ ಮೀಟರ್‌ಗೇಜ್ ಆಗಿದ್ದ ದಿನಗಳು. ನಾನು ನಂಜನಗೂಡು ಟೌನ್ ಸ್ಟೇಷನ್ನಿನಲ್ಲಿ ಹತ್ತುವ ಹೊತ್ತಿಗೆ ಮೈಸೂರಿನ ಕಡೆಯ ಟೀಚರುಗಳು ಒಂದು ಬೋಗಿಯ ತುಂಬ ಕೂತಿರುತ್ತಿದ್ದರು. ಚಿನ್ನದಗುಡಿಹುಂಡಿ, ನರಸಾಂಬುಧಿ, ಕವಲಂದೆ, ಬದನಗುಪ್ಪೆ, ಹೀಗೆ ಒಂದೊಂದು ಸ್ಟೇಷನ್ನಿನಲ್ಲಿ ಇಬ್ಬರು ಮೂವರು ಇಳಿಯುವವರು. ಯಾರೂ ಸುಮ್ಮನೆ ಕೂತಿರುತ್ತಿರಲಿಲ್ಲ. ಒಬ್ಬರ ತೊಡೆಯ ಮೇಲೆ ಡ್ರಾಯಿಂಗ್ ಶೀಟು, ಇನ್ನೊಬ್ಬರ ಕೈಯಲ್ಲಿ ಕತ್ತರಿ, ಮತ್ತೊಬ್ಬರು ಸ್ಕೆಚ್ ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು ರೈಲು ಅಲುಗಾಡದ ಗಳಿಗೆ ನೋಡಿ ಅಕ್ಷರ ಬರೆಯುವವರು. ಆಗ ಪಾಠದ ಕಾರ್ಡಿಗೆ ಬಳಸುತ್ತಿದ್ದದ್ದು ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು. ದಪ್ಪ ಕಾಗದ, ಬಿಟ್ಟಿ ಸಿಗುತ್ತದೆ, ಒಂದೇ ಅಳತೆಯವು ಬೇಕೆಂದರೆ ಒಂದೇ ಮದುವೆಯವು ಹತ್ತು ಮನೆಯಲ್ಲಿ ಸಿಗುತ್ತವೆ. ಮುಂದಿನ ಬದಿಯಲ್ಲಿ ಮಿರುಗುವ ಗಣಪತಿ ಇದ್ದರೆ ಮಕ್ಕಳಿಗೆ ಆ ಕಾರ್ಡೇ ಬೇಕು.

ಆ ಬೋಗಿಯಲ್ಲಿ ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಹಿರಿಯರೊಬ್ಬರಿದ್ದರು. ನಾನು ಚೌಕವಾಗಿ ಕತ್ತರಿಸಿದ್ದ ಕಾರ್ಡುಗಳನ್ನು ತೆಗೆದುಕೊಂಡು, ಒಂದು ಮಾತೂ ಆಡದೆ ಪ್ರತಿಯೊಂದರ ನಾಲ್ಕು ಮೂಲೆಯನ್ನೂ ದುಂಡಗೆ ಕತ್ತರಿಸಿ ವಾಪಸು ಕೊಟ್ಟರು. “ಮೂಲೆ ಚೂಪಾಗಿದ್ರೆ ಮೊದಲು ಅದೇ ಮಡಚಿಕೊಳ್ಳೋದು ಕಣಮ್ಮ, ಆಮೇಲೆ ಅಲ್ಲಿಂದಲೇ ಹರಿಯುತ್ತೆ. ಮಗೂನ ಕಣ್ಣಿಗೂ ಒಳ್ಳೇದಲ್ಲ” ಅಂದರು. ಅವತ್ತಿನಿಂದ ನಾನು ಮೂಲೆ ದುಂಡಗೆ ಮಾಡದೆ ಕಾರ್ಡನ್ನು ಮಕ್ಕಳ ಕೈಗೆ ಕೊಟ್ಟಿಲ್ಲ. ಹುಣಸೆ ಬೀಜವನ್ನು ಒಂದು ಬದಿ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದರೆ ಅದೇ ದಾಳವಾಗುತ್ತದೆ, ಐದು ಬೀಜ ಎಸೆದು ಬಿಳಿ ಎಷ್ಟು ಕಪ್ಪು ಎಷ್ಟು ಎಂದು ಎಣಿಸಿದರೆ ಐದರ ಕೂಡುವ ಲೆಕ್ಕವೆಲ್ಲ ಆಡುತ್ತಲೇ ಬರುತ್ತದೆ ಎಂದು ಹೇಳಿಕೊಟ್ಟದ್ದೂ ಅದೇ ಬೋಗಿ.

ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ (ಡಿಪಿಇಪಿ) ಎರಡನೇ ಹಂತದಲ್ಲಿ ಮೈಸೂರು ಜಿಲ್ಲೆ ಸೇರಿದ ಮೇಲೆ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಕಲಿಕೋಪಕರಣಕ್ಕೆಂದು ಬರತೊಡಗಿತು. ಸರ್ವಶಿಕ್ಷಣ ಅಭಿಯಾನದಲ್ಲೂ ಅದು ಮುಂದುವರಿಯಿತು. ಇವತ್ತು ಕೇಳಿದರೆ ಚಿಕ್ಕ ಮೊತ್ತ ಅನಿಸಬಹುದು. ಆದರೆ ಅದು ನನ್ನ ಕೈಗೆ, ನನ್ನ ತರಗತಿಗೆ ಏನು ಬೇಕೋ ಅದನ್ನು ಕೊಳ್ಳಲು ಬಂದ ಹಣ. ನಂಜನಗೂಡಿನ ಪೇಟೆಯಲ್ಲಿ ರಟ್ಟು, ಬಣ್ಣದ ಕಾಗದ, ಫೆವಿಕಾಲು, ದಾರ ತಂದು ರಸೀದಿ ಜೋಪಾನವಾಗಿ ಇಡುತ್ತಿದ್ದೆ. ಆ ಅನುದಾನ ನಿಂತದ್ದು ಸರ್ಕಾರಿ ಶಾಲೆಗೆ ಆದ ನಿಜವಾದ ನಷ್ಟಗಳಲ್ಲಿ ಒಂದು ಎಂದು ಈಗಲೂ ನಂಬಿದ್ದೇನೆ. ಮೇಲಿನಿಂದ ಲಾರಿಯಲ್ಲಿ ಬರುವ ಸಾಮಾನಿಗಿಂತ ಆ ಹಣಕ್ಕೆ ಬೆಲೆ ಹೆಚ್ಚಿತ್ತು.

ಮಕ್ಕಳು ಕಾರ್ಡು ಹಿಡಿದು ಕಲಿಯುವ ನಲಿ-ಕಲಿ ಪದ್ಧತಿ ಬಂದದ್ದನ್ನು ನಾನು ಮೊದಲು ಸುದ್ದಿಯಾಗಿ ಕೇಳಿದೆ. 1995ರಲ್ಲಿ ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಅದು ಶುರುವಾಗಿತ್ತು. ಅಲ್ಲಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಹಳ್ಳಿಯ ಏಕೋಪಾಧ್ಯಾಯ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ಪಾಡಿಗೆ ಕಲಿಯುವುದನ್ನು ನೋಡಿ ಬಂದು, ಕನ್ನಡಕ್ಕೆ ತಾವೇ ಕಾರ್ಡು ಬರೆದರು, ಹಾಡು ಕಟ್ಟಿದರು. ಆ ಕಾರ್ಡುಗಳು ನಮ್ಮ ರೈಲಿನ ಕಾರ್ಡುಗಳ ಒಡಹುಟ್ಟಿದವು. ಶಿಕ್ಷಕರ ಕೈಬರಹ, ಶಿಕ್ಷಕರೇ ಬರೆದ ಚಿತ್ರ.

ನಲಿ-ಕಲಿಯ ತರಬೇತಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಕ್ಷರಗಳ ಕ್ರಮ. ಅ ಆ ಇ ಈ ಎಂದು ಶುರುಮಾಡದೆ, ರ ಗ ಸ ದ ಅ ಎಂಬ ಐದು ಅಕ್ಷರ ಮೊದಲು. ಆಕಾರದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವುದು ಸುಲಭ, ಮತ್ತು ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ದರ, ರಸ ಎಲ್ಲ ಬರುತ್ತದೆ. ವರ್ಣಮಾಲೆ ಮುಗಿಸಿ ಕಾಗುಣಿತಕ್ಕೆ ಬರುವವರೆಗೂ ಒಂದು ಪದ ಓದಲಾಗದೆ ಶಾಲೆ ಬಿಟ್ಟ ಎಷ್ಟು ಮಕ್ಕಳನ್ನು ನಾವು ನೋಡಿರಲಿಲ್ಲ! ನನ್ನ ತರಗತಿಯ ಒಬ್ಬ ಹುಡುಗಿ, ಮೂಗು ಸುರಿಸಿಕೊಂಡು ಗೋಡೆಗೆ ಅಂಟಿಕೊಂಡಿರುತ್ತಿದ್ದವಳು, ಒಂದು ಮಧ್ಯಾಹ್ನ ಕಾರ್ಡಿನ ಮೇಲೆ ಬೆರಳಿಟ್ಟು ಗ, ರ, ಗ, ಸ ಎಂದು ನಾಲ್ಕು ಸಲ ಹೇಳಿದಳು. ಐದನೇ ಸಲ ಬೆರಳು ನಿಲ್ಲಲಿಲ್ಲ. ತಲೆಯೆತ್ತಿ, “ಗರಗಸ! ನಮ್ಮಪ್ಪನ ತವ ಅದೆ ಮಿಸ್” ಎಂದು ಕೂಗಿದಳು. ಅವರಪ್ಪ ಊರಲ್ಲಿ ಮರಗೆಲಸದವರು. ಮಗಳು ಮನೆಯಲ್ಲಿ ಹೇಳಿರಬೇಕು, ಮಾರನೇ ದಿನ ಗರಗಸ ಹಿಡಿದುಕೊಂಡೇ ಬಂದರು. ಮಕ್ಕಳಿಗೆಲ್ಲ ತೋರಿಸಿದರು. ಹೋಗುವ ಮುಂಚೆ ಒಂದು ರಿಪೀಸನ್ನು ಒಂದೇ ಅಳತೆಯ ತುಂಡುಗಳಾಗಿ ಕುಯ್ದು ಕೊಟ್ಟರು. ಕೂಡಿಸಲು ಕಳೆಯಲು ಆ ತುಂಡುಗಳನ್ನು ಎಷ್ಟೋ ವರ್ಷ ಬಳಸಿದ್ದೇವೆ. ಅವಕ್ಕೆ ನಂಬರ್ ಬೀಳಲಿಲ್ಲ.

2009-10ರಿಂದ ನಲಿ-ಕಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು, ಪ್ರಗತಿ ನೋಟ, ಎಲ್ಲ ಅಚ್ಚಾಗಿ ಬಂತು. ಒಳ್ಳೆಯದೇ ಆಯಿತು. ಕೊಳ್ಳೇಗಾಲದ ಮಗುವಿಗೂ ಬೀದರ್‌ನ ಮಗುವಿಗೂ ಕೈಗೊಂದು ಕಾರ್ಡು ಸಿಕ್ಕಿತು. ಅದನ್ನು ಕಡಿಮೆ ಮಾಡಿ ಹೇಳಬಾರದು. ಆದರೆ ಅಚ್ಚಾದ ಕಾರ್ಡು ಬಂದ ಮೇಲೆ ನಮ್ಮಲ್ಲಿ ಹಲವರು ಕತ್ತರಿ ಒಳಗಿಟ್ಟರು. ಒಂದು ಕಾರ್ಡು ಕಳೆದರೆ, “ಸೆಟ್ಟಿನಲ್ಲಿ ಇಲ್ಲ” ಎಂದು ಆ ಮೆಟ್ಟಿಲನ್ನೇ ಹಾರಿಸಿ ಮುಂದೆ ಹೋಗುವ ಶಾಲೆಗಳನ್ನು ನೋಡಿದೆ. ಕಳೆದ ಕಾರ್ಡನ್ನು ಲಗ್ನಪತ್ರಿಕೆಯ ಹಿಂದೆ ಬರೆದುಕೊಳ್ಳಲು ಯಾವ ಸುತ್ತೋಲೆಯೂ ಬೇಕಿರಲಿಲ್ಲ. ಬೇಕಿದ್ದದ್ದು ಇದು ನನ್ನದು ಅನ್ನುವ ಧೈರ್ಯ. ಎಚ್.ಡಿ. ಕೋಟೆಯ ಶಿಕ್ಷಕರಿಗೆ ಆ ಧೈರ್ಯವಿತ್ತು, ಏಕೆಂದರೆ ಕಾರ್ಡು ಬರೆದವರೇ ಅವರು. ಶಿಕ್ಷಕರು ಬರೆದ ವಸ್ತುವನ್ನು ಊರೂರಿಗೆ ಹಂಚಬಹುದು. ಬರೆಯುವಾಗ ಅವರಿಗೆ ಬಂದ ತಿಳಿವಳಿಕೆಯನ್ನು ಹಾಗೆ ಹಂಚಲಾಗುವುದಿಲ್ಲ, ಪ್ರತಿ ಊರಿನಲ್ಲೂ ಮತ್ತೆ ಬರೆಯಬೇಕು.

ಆಕಾಶವಾಣಿಯೂ ಬಂತು, ಉಪಗ್ರಹವೂ ಬಂತು. ಚಿಕ್ಕ ಮಕ್ಕಳಿಗೆಂದು ಬರುತ್ತಿದ್ದ ‘ಚುಕ್ಕಿ ಚಿನ್ನ’ ರೇಡಿಯೋ ಪಾಠಕ್ಕೆ ನಮ್ಮ ಮಕ್ಕಳು ಎದ್ದು ಕುಣಿಯುತ್ತಿದ್ದರು. ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲಿ, 2004ರಲ್ಲಿ ಹಾರಿಸಿದ ಎಜುಸ್ಯಾಟ್ ಮೂಲಕ 800ಕ್ಕೂ ಹೆಚ್ಚು ಶಾಲೆಗಳಿಗೆ ಟಿ.ವಿ. ಪಾಠ ಹೋಯಿತು. ರೇಡಿಯೋ ನನಗೆ ಹೆಚ್ಚು ಇಷ್ಟ. ಅದು ನಡೆಯುವಾಗಲೂ ನನ್ನ ಕಣ್ಣು ಮಕ್ಕಳ ಮೇಲೇ ಇರುತ್ತಿತ್ತು, ಮಕ್ಕಳ ಕಣ್ಣು ನನ್ನ ಮೇಲಿರುತ್ತಿತ್ತು.

ಶಿಕ್ಷಕರಿಗೆ ಸುದ್ದಿ ಮತ್ತು ಪಾಠದ ಸರಕು ಎರಡನ್ನೂ ಒಟ್ಟಿಗೆ ಕೊಡುವ ಕೆಲಸ ಕನ್ನಡದಲ್ಲಿ ಹೊಸದಲ್ಲ. 1860ರ ದಶಕದಲ್ಲೇ, ಡೆಪ್ಯುಟಿ ಚನ್ನಬಸಪ್ಪನವರ ಕಾಲದಲ್ಲಿ, ಬೆಳಗಾವಿಯಿಂದ ಕನ್ನಡ ಶಾಲೆಯ ಮಾಸ್ತರರಿಗೆಂದು ‘ಮಠಪತ್ರಿಕೆ’ ಹೊರಡುತ್ತಿತ್ತು. ಧಾರವಾಡದ ಡಯಟ್‌ನಿಂದ ಬರುವ ‘ಜೀವನ ಶಿಕ್ಷಣ’ ಅದರ ಮುಂದುವರಿಕೆ. ನಮ್ಮ ಕ್ಲಸ್ಟರ್ ಕೇಂದ್ರದ ಕಪಾಟಿನಲ್ಲಿ ಅದರ ಹಳೆಯ ಸಂಚಿಕೆಗಳಿದ್ದವು. ಅದರ ಪಕ್ಕ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’. ಮೈಸೂರಿನ ಜೆ. ಆರ್. ಲಕ್ಷ್ಮಣರಾವ್ ಅವರಂಥವರು ಕನ್ನಡದಲ್ಲಿ ವಿಜ್ಞಾನ ಬರೆಯುವುದಕ್ಕೆ ಜೀವ ತೇಯ್ದದ್ದು ನಮ್ಮಂಥ ಹಳ್ಳಿ ಟೀಚರಿಗೆ ಎಷ್ಟು ದೊಡ್ಡ ಆಸರೆ ಎಂದು ಹೇಳಿ ಮುಗಿಯದು. ಪತ್ರಿಕೆಯಲ್ಲಿ ಓದಿದ್ದನ್ನು ಮಾಡಿ ನೋಡುತ್ತಿದ್ದದ್ದು ತಿಂಗಳಿಗೊಮ್ಮೆ ಶನಿವಾರದ ಸಮಾಲೋಚನಾ ಸಭೆಯಲ್ಲಿ. ಸುತ್ತಲಿನ ಶಾಲೆಗಳ ಟೀಚರುಗಳು ಒಂದು ಶಾಲೆಯಲ್ಲಿ ಸೇರಿ, ಒಬ್ಬರು ಪಾಠ ಮಾಡಿ ತೋರಿಸುತ್ತಿದ್ದರು, ಉಳಿದವರು ಅದರ ಹುಳುಕು ತೆಗೆಯುತ್ತಿದ್ದರು. ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ ಶುರುವಾದ ವಿಜ್ಞಾನ ಬೋಧನೆಯ ಕಾರ್ಯಕ್ರಮಕ್ಕೂ ಶಿಕ್ಷಕರ ಇಂಥ ಮಾಸಿಕ ಸಭೆಯೇ ಬೆನ್ನೆಲುಬಾಗಿತ್ತಂತೆ. ಕಿಟ್ಟಿನಲ್ಲಿ ಏನಿದೆ ಎಂಬುದಕ್ಕಿಂತ ಕಿಟ್ಟು ಕೆಟ್ಟಾಗ ಯಾರನ್ನು ಕೇಳಬೇಕು ಎಂಬುದು ಶಿಕ್ಷಕರಿಗೆ ಮುಖ್ಯ.

ಈ ಸಭೆಯ ಬೆಲೆ ನನಗೆ ಪೂರ್ತಿ ತಿಳಿದದ್ದು ತಿ. ನರಸೀಪುರ ತಾಲ್ಲೂಕಿಗೆ ವರ್ಗವಾಗಿ ಬಂದ ಮೇಲೆ. ನಂಜನಗೂಡಿನಲ್ಲಿ ದೊಡ್ಡ ನದಿಯೆಂದರೆ ಕಪಿಲೆ, ಅಂದರೆ ಕಬಿನಿ, ಒಂದೇ. ಇಲ್ಲಿ ಕಪಿಲೆ, ಕಾವೇರಿ ಎರಡೂ ಸೇರುತ್ತವೆ. ಈಚೆಯ ಬಯಲಿಗೆ ಕಬಿನಿಯಲ್ಲಿ ಬಿಟ್ಟ ನೀರೂ ಬರುತ್ತದೆ, ಕೆಆರ್‌ಎಸ್‌ನಲ್ಲಿ ಬಿಟ್ಟ ನೀರೂ ಬರುತ್ತದೆ. ಮಳೆಗಾಲದಲ್ಲಿ ಊರಿನ ಮಾತೆಲ್ಲ ಅದೇ. ನದಿಯ ಅಂಚಿನಲ್ಲಿ ಭತ್ತದ ಗದ್ದೆ ಇರುವ ಮನೆಯ ಮಕ್ಕಳು ಬೆಳಗ್ಗೆ ಬಂದ ಕೂಡಲೇ “ಇವತ್ತು ಎಷ್ಟು ಬಿಟ್ಟವ್ರೆ ಮಿಸ್?” ಎಂದು ಕೇಳುತ್ತಿದ್ದರು. ನಾನು ಪೇಪರಿನಲ್ಲಿ ದಿನಾ ಬರುವ ಜಲಾಶಯ ಮಟ್ಟದ ಪಟ್ಟಿಯನ್ನು ಕತ್ತರಿಸಿ ರಟ್ಟಿಗೆ ಅಂಟಿಸತೊಡಗಿದೆ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಐದನೇ ತರಗತಿಯವರಿಗೆ ಇದಕ್ಕಿಂತ ಒಳ್ಳೆಯ ಗಣಿತದ ಪುಸ್ತಕ ಇಲ್ಲ. ಕೆಆರ್‌ಎಸ್ 124.80 ಅಡಿ ಎಂದಾಗ ದಶಮಾಂಶ ಬಂತು. ತುಂಬಲು ಇನ್ನೆಷ್ಟು ಬೇಕು ಎಂದಾಗ ವ್ಯವಕಲನ ಬಂತು. ಒಳಹರಿವು ಹೆಚ್ಚಿ ಹೊರಹರಿವು ಕಡಿಮೆಯಿದ್ದರೆ ನಾಳೆ ಮಟ್ಟ ಏನಾಗುತ್ತದೆ ಎಂದು ಊಹಿಸಿ ಬರೆದು, ಮಾರನೇ ದಿನದ ಪೇಪರಿನಲ್ಲಿ ತಾಳೆ ನೋಡುವುದು.

ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಅಡಿಪಟ್ಟಿಯಿಂದ ಅಳೆದು, ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ರಟ್ಟಿನ ಪೆಟ್ಟಿಗೆ ಮಾಡಿದೆವು. ಅದರಲ್ಲಿ ಸುಮಾರು 28 ಲೀಟರ್ ಹಿಡಿಯುತ್ತದೆ, ಅಂದರೆ ನಲ್ಲಿಯಿಂದ ಹೊತ್ತು ತರುವ ಎರಡು ಬಿಂದಿಗೆಯಷ್ಟು. ಹಾಗಾದರೆ ಹತ್ತು ಸಾವಿರ ಕ್ಯುಸೆಕ್ ಬಿಟ್ಟರೆ ಸೆಕೆಂಡಿಗೆ 2 ಲಕ್ಷ 80 ಸಾವಿರ ಲೀಟರ್, ಇಪ್ಪತ್ತು ಸಾವಿರ ಬಿಂದಿಗೆ. ತರಗತಿ ಒಂದು ಗಳಿಗೆ ಸುಮ್ಮನಾಯಿತು, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. 2019ರ ಆಗಸ್ಟ್‌ನಲ್ಲಿ ಕಬಿನಿಯಿಂದ ಬಿಟ್ಟ ನೀರು ಲಕ್ಷ ಕ್ಯುಸೆಕ್ ದಾಟಿ, ನಂಜನಗೂಡಿನ ಮಲ್ಲನಮೂಲೆ ಹತ್ತಿರ ಮೈಸೂರು ರಸ್ತೆಯೇ ಮುಳುಗಿದಾಗ, ಆ ಅಂಕಿಯ ಅರ್ಥ ಏನೆಂದು ನಮ್ಮ ಮಕ್ಕಳು ಮನೆಯಲ್ಲಿ ದೊಡ್ಡವರಿಗೆ ಬಿಂದಿಗೆ ಲೆಕ್ಕದಲ್ಲಿ ಹೇಳಿದರು.

ಒಬ್ಬ ಹುಡುಗ ಒಂದು ದಿನ ಪಟ್ಟಿಯ ಮುಂದೆ ಬಹಳ ಹೊತ್ತು ನಿಂತ. “ಮಿಸ್, ಕೆಆರ್‌ಎಸ್ಸು ಬರೀ 124 ಅಡಿ, ಕಬಿನಿ 2284 ಅಡಿ ಅಂತ ಹಾಕವ್ರೆ. ಕಬಿನಿ ಅಷ್ಟೊಂದು ದೊಡ್ಡದಾ?” ದಿನಾ ಕಣ್ಣಿಗೆ ಬೀಳುವ ಅಂಕಿ, ನನಗೂ ಉತ್ತರ ಗೊತ್ತಿರಲಿಲ್ಲ. ಪ್ರಶ್ನೆಯನ್ನು ಸಮಾಲೋಚನಾ ಸಭೆಗೆ ತೆಗೆದುಕೊಂಡು ಹೋದೆ. ನೀರಾವರಿ ಇಲಾಖೆಯಲ್ಲಿ ನೆಂಟರಿದ್ದ ಒಬ್ಬ ಮೇಷ್ಟ್ರು ವಿಚಾರಿಸಿ ಹೇಳಿದರು. ಕೆಆರ್‌ಎಸ್‌ನ ಮಟ್ಟ ನದಿಯ ತಳದಿಂದ ಅಳೆದದ್ದು, ಕಬಿನಿಯದ್ದು ಸಮುದ್ರಮಟ್ಟದಿಂದ ಅಳೆದದ್ದು. ಎರಡನ್ನೂ ಸಮುದ್ರಮಟ್ಟದಿಂದಲೇ ಅಳೆದರೆ ಕೆಆರ್‌ಎಸ್ಸೇ ಎತ್ತರದಲ್ಲಿದೆ. ಹುಡುಗನಿಗೆ ಇದನ್ನು ತೋರಿಸಲು ಒಬ್ಬನನ್ನು ನೆಲದ ಮೇಲೆ, ಇನ್ನೊಬ್ಬನನ್ನು ಜಗುಲಿಯ ಮೇಲೆ ನಿಲ್ಲಿಸಿ, ಒಬ್ಬನನ್ನು ಕಾಲಿನಿಂದ, ಇನ್ನೊಬ್ಬನನ್ನು ಅಂಗಳದಿಂದ ಅಳೆಯಬೇಕೆಂದು ಹೇಳಿದವರು ಮತ್ತೊಂದು ಶಾಲೆಯ ಟೀಚರು. ಆ ತಿಂಗಳು ನಮ್ಮ ಕ್ಲಸ್ಟರಿನ ಹಲವು ಶಾಲೆಗಳ ಗೋಡೆಯಲ್ಲಿ ಜಲಾಶಯದ ಪಟ್ಟಿ ಬಂತು. ಯಾರೂ ಅದನ್ನು ಕಡ್ಡಾಯ ಮಾಡಿರಲಿಲ್ಲ.

ಆಮೇಲಾಮೇಲೆ ಸಭೆ ಬಡವಾಗುತ್ತ ಬಂತು. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆಧಾರ್ ಜೋಡಣೆ, ಎಸ್‌ಎಟಿಎಸ್ ಜಾಲತಾಣಕ್ಕೆ ಮಕ್ಕಳ ಮಾಹಿತಿ ತುಂಬುವುದು. ಇವುಗಳನ್ನು ಒಪ್ಪಿಸುವಷ್ಟರಲ್ಲಿ ಬಸ್ಸಿನ ಹೊತ್ತು. ಇನ್ನೊಂದು ಕಡೆ ಸರಕಿಗೆ ಬರವಿಲ್ಲ. ಪುಸ್ತಕದ ಪಾಠಕ್ಕೊಂದು ಕ್ಯೂಆರ್ ಕೋಡ್ ಬಂತು, ದೀಕ್ಷಾ ಆ್ಯಪ್ ಬಂತು, ಗಣಿತ ಕಿಟ್ ಬಂತು. ವಾಟ್ಸ್ಆ್ಯಪ್ ಗುಂಪಿನಲ್ಲಿ ರಾತ್ರಿ ಹತ್ತಕ್ಕೂ ಪಿಡಿಎಫ್ ಬರುತ್ತದೆ. ಹಿಂದೆ ಒಂದು ಕಾರ್ಡಿಗಾಗಿ ಬೋಗಿಯಿಂದ ಬೋಗಿಗೆ ಹೋಗುತ್ತಿದ್ದವರು ಈಗ ತೆರೆದು ನೋಡಲೂ ಪುರುಸೊತ್ತಿಲ್ಲದಷ್ಟು ಇಟ್ಟುಕೊಂಡಿದ್ದೇವೆ. ಯಾವುದು ಯಾವ ಮಗುವಿಗೆ ಹೊಂದುತ್ತದೆ ಎಂದು ಇಬ್ಬರು ಕೂತು ಮಾತಾಡುವ ಒಂದು ಗಂಟೆ ಮಾತ್ರ ಇಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ.

ಕೊರೊನಾ ಬಂದಾಗ, ಸರಕಿದ್ದರಷ್ಟೇ ಸಾಲದು ಎಂಬುದು ಇನ್ನೂ ಸ್ಪಷ್ಟವಾಯಿತು. 2020ರ ಮಾರ್ಚ್‌ನಲ್ಲಿ ನಂಜನಗೂಡು ರಾಜ್ಯಕ್ಕೆಲ್ಲ ಭಯದ ಹೆಸರಾಗಿತ್ತು; ಅಲ್ಲಿನ ನಮ್ಮ ನೆಂಟರಿಷ್ಟರೊಂದಿಗೆ ಫೋನಿನಲ್ಲಷ್ಟೇ ಮಾತು. ಚಂದನದಲ್ಲಿ ‘ಸಂವೇದ’ ಪಾಠ ಬರುತ್ತಿತ್ತು, ಆದರೆ ಟಿ.ವಿ. ಇರುವ ಮನೆಯಲ್ಲಿ ಅದನ್ನು ಹಾಕುವವರು ಬೇಕಲ್ಲ. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ ನಾವು ಅರಳಿಕಟ್ಟೆ, ದೇವಸ್ಥಾನದ ಜಗುಲಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡೆವು. ಎರಡು ತಿಂಗಳಾಗುವಷ್ಟರಲ್ಲಿ ಅದೂ ನಿಂತಿತು. ಆ ದಿನಗಳಲ್ಲಿ ಕೈಗೆ ಬಂದದ್ದು ಹುಣಸೆ ಬೀಜ, ಲಗ್ನಪತ್ರಿಕೆಯ ಕಾರ್ಡು, ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂಕಿ. 2022-23ರಲ್ಲಿ ಕಲಿಕಾ ಚೇತರಿಕೆಯ ಹಾಳೆಗಳು ಬಂದವು. ಅವು ಚೆನ್ನಾಗಿದ್ದವು. ನಾಲ್ಕನೇ ತರಗತಿಗೆ ಬಂದು ಎರಡನೇ ತರಗತಿಯ ಓದೂ ಮರೆತಿದ್ದ ಮಕ್ಕಳಿಗೆ ಆ ಹಾಳೆಗೆ ಮುಂಚೆ ಮತ್ತೆ ರ ಗ ಸ ದ ಅ ಬೇಕಾಯಿತು, ಅಷ್ಟೇ.

ಈಗ ನಮ್ಮ ಕ್ಲಸ್ಟರಿನಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯವರೂ (ಸಿಆರ್‌ಪಿ) ಮನಸ್ಸಿಟ್ಟು ಒಪ್ಪಿದ್ದಾರೆ. ಸಭೆಯ ಮೊದಲ ಒಂದು ಗಂಟೆ ಯಾವ ಲೆಕ್ಕಪತ್ರವೂ ಇಲ್ಲ. ಯಾರಾದರೂ ಒಬ್ಬರು ತಮ್ಮ ತರಗತಿಯಲ್ಲಿ ಬಳಸಿದ ಒಂದು ವಸ್ತು ತರಬೇಕು, ಮಗು ಎಲ್ಲಿ ಎಡವಿತು ಎಂದು ಹೇಳಬೇಕು. ಕೊನೆಯ ಗಂಟೆಗೆ ಇಟ್ಟರೆ ಅದು ನಡೆಯುವುದಿಲ್ಲ, ಅದಕ್ಕೇ ಮೊದಲ ಗಂಟೆ. ಹೋದ ಸಲ ಇತ್ತೀಚೆಗೆ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಗೃಹಜ್ಯೋತಿಯ ಕರೆಂಟ್ ಬಿಲ್ಲುಗಳನ್ನು ತಂದಿದ್ದಳು. ಕಟ್ಟಬೇಕಾದ ಹಣ ಸೊನ್ನೆ ಇದ್ದರೂ ಬಿಲ್ಲಿನಲ್ಲಿ ಯೂನಿಟ್ ಇರುತ್ತದೆ. ಮೂರು ತಿಂಗಳ ಯೂನಿಟ್ ಕೂಡಿಸಿ ಸರಾಸರಿ ತೆಗೆಸಬಹುದು, 200 ಯೂನಿಟ್ ದಾಟಲು ಎಷ್ಟು ಬಾಕಿ ಎಂದು ಕೇಳಬಹುದು ಎಂದಳು. ಎಲ್ಲರಿಗೂ ಹಿಡಿಸಿತು. ಮನೆಗೆ ಮೀಟರೇ ಇಲ್ಲದ ಮಗು ಏನು ತರಬೇಕು ಎಂದು ಒಬ್ಬ ಮೇಷ್ಟ್ರು ಕೇಳಿದರು. ಶಾಲೆಯದೇ ಮೀಟರಿದೆಯಲ್ಲ, ಅದನ್ನು ದಿನಾ ಬೆಳಗ್ಗೆ ಸರದಿಯ ಮೇಲೆ ಮಕ್ಕಳೇ ಓದಿ ಬರೆಯಲಿ ಎಂದು ತೀರ್ಮಾನವಾಯಿತು. ನಮ್ಮ ಶಾಲೆಯ ಮೀಟರು ಮಕ್ಕಳಿಗೆ ಎಟುಕದಷ್ಟು ಎತ್ತರದಲ್ಲಿದೆ. ಈ ವಾರ ಅದರ ಕೆಳಗೆ ಒಂದು ಗಟ್ಟಿ ಬೆಂಚು ಹಾಕಿಸಬೇಕು.